ಡಿಸೈನ್ ಪ್ಯಾಟರ್ನ್ ಕಲಿಯಲು ಮೊದಲು ಪ್ಯಾಟರ್ನ್ ಇಲ್ಲದ ಕೋಡ್ ಬರೆಯಿರಿ

ಜಾವಾ ಬರುತ್ತದೆ, 23 ಡಿಸೈನ್ ಪ್ಯಾಟರ್ನ್‌ಗಳ (ಕೋಡ್‌ನಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಗಳಿಗೆ ಸಿದ್ಧ ರಚನೆಗಳು) ಕ್ಲಾಸ್ ಚಿತ್ರಗಳೂ ಬಾಯಿಪಾಠ, ಆದರೂ ಕೋಡ್ ಬರೆಯಲು ಕೂತಾಗ ಯಾವುದನ್ನು ಎಲ್ಲಿ ಹಾಕಬೇಕೆಂದು ಹೊಳೆಯುವುದಿಲ್ಲ ಎಂದು ಕೇಳಿದ್ದೀರಿ. ಉತ್ತರಗಳನ್ನು ಕಲಿತಿದ್ದೀರಿ, ಅವು ಯಾವ ತೊಂದರೆಗೆ ಉತ್ತರ ಎಂಬುದನ್ನು ಇನ್ನೂ ಕೈಯಾರೆ ಕಂಡಿಲ್ಲ. ಆದ್ದರಿಂದ ಒಂದೇ ಒಂದು ಸಣ್ಣ ಪ್ರೋಗ್ರಾಂ ಹಿಡಿದು ಅದನ್ನೇ ಮತ್ತೆ ಮತ್ತೆ ಬದಲಿಸಿ ಎನ್ನುತ್ತೇನೆ. ಬಸ್ ಟಿಕೆಟ್ ದರದ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ದೂರ, ಬಸ್ಸಿನ ಬಗೆ, ಪ್ರಯಾಣಿಕರ ಬಗೆ ಕೊಟ್ಟರೆ ದರ ಹೇಳುವ ಒಂದು ಮೆಥಡ್ ಬರೆಯಿರಿ. ಇಫ್-ಎಲ್ಸ್ ಧಾರಾಳವಾಗಿ ಇರಲಿ, ನಾಚಿಕೆ ಬೇಡ. ಹಣವನ್ನು ಡಬಲ್‌ನಲ್ಲಿ ಇಡಬೇಡಿ. ಪೈಸೆಯಲ್ಲಿ, ಲಾಂಗ್ ಆಗಿ ಇಡಿ. ಡಬಲ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ಇದೇ ಬಗೆಯ ಇಫ್‌ಗಳೊಂದಿಗೆ ಟಿಕೆಟ್ ಮುದ್ರಿಸುವ ಮೆಥಡ್ ಒಂದು, ದಿನದ ವಸೂಲಿ ಕೂಡುವ ಮೆಥಡ್ ಒಂದು ಸೇರಿಸಿ. ಎಂಟು-ಹತ್ತು ಟೆಸ್ಟ್ ಬರೆದು, ಎಲ್ಲವೂ ಪಾಸ್ ಆದ ಮೇಲೆ ಗಿಟ್‌ನಲ್ಲಿ ಕಮಿಟ್ ಮಾಡಿ. ಟೆಸ್ಟ್ ಇಲ್ಲದಿದ್ದರೆ ಮುಂದಿನ ಹೆಜ್ಜೆಗಳಿಗೆ ಅರ್ಥವಿಲ್ಲ.

ಈಗ ನಿಯಮ ಬದಲಿಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು: ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ, ಐಷಾರಾಮಿ ಬಸ್ಸುಗಳಲ್ಲಿ ಇಲ್ಲ. ಇದನ್ನು ನಿಮ್ಮ ಕೋಡ್‌ಗೆ ಸೇರಿಸಿ, ಆಮೇಲೆ ಗಿಟ್ ಡಿಫ್ (ಯಾವ ಸಾಲುಗಳು ಬದಲಾದವು ಎಂಬ ಪಟ್ಟಿ) ನೋಡಿ. ಒಂದು ನಿಯಮಕ್ಕಾಗಿ ಮೂರು ಮೆಥಡ್ ಮುಟ್ಟಬೇಕಾಯಿತಲ್ಲ? ಸ್ಟ್ರಾಟಜಿ ಪ್ಯಾಟರ್ನ್ ಇರುವುದು ಇದಕ್ಕೇ: ಬದಲಾಗುವ ನಿಯಮಗಳನ್ನು ಬೇರೆ ಬೇರೆಯಾಗಿಟ್ಟು, ಬೇಕಾದುದನ್ನು ಆರಿಸಿಕೊಳ್ಳುವುದು. ‘ದರನಿಯಮ’ ಎಂಬ ಇಂಟರ್‌ಫೇಸ್ ಮಾಡಿ, ಅದರಲ್ಲಿ ಒಂದೇ ಮೆಥಡ್ ಇರಲಿ. ಇಫ್‌ನ ಕವಲುಗಳನ್ನು ಒಂದೊಂದಾಗಿ ಬೇರೆ ಬೇರೆ ಕ್ಲಾಸ್‌ಗೆ ಸಾಗಿಸಿ, ಪ್ರತಿ ಸಾಗಣೆಯ ನಂತರವೂ ಟೆಸ್ಟ್ ಓಡಿಸಿ. ಯಾವ ನಿಯಮ ಅನ್ವಯಿಸುತ್ತದೆಂದು ಆರಿಸುವ ಇಫ್ ಮಾತ್ರ ಒಂದೇ ಕಡೆ ಉಳಿಯಬೇಕು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು ನಿಯಮಕ್ಕೆ ವಯಸ್ಸು ಬೇಕು, ಇನ್ನೊಂದಕ್ಕೆ ವಾಸಸ್ಥಳ ಬೇಕು, ಹೀಗೆ ಮೆಥಡ್‌ನ ಪ್ಯಾರಾಮೀಟರ್‌ಗಳು ಆರೇಳಕ್ಕೆ ಏರುತ್ತವೆ. ಎಲ್ಲವನ್ನೂ ‘ಪ್ರಯಾಣ’ ಎಂಬ ಒಂದು ರೆಕಾರ್ಡ್‌ನಲ್ಲಿ ಕಟ್ಟಿ ಕೊಡಿ (ಜಾವಾ 16ರಿಂದ ರೆಕಾರ್ಡ್ ಇದೆ). ಎರಡನೆಯದು ಇನ್ನೂ ಮುಖ್ಯ. ಉಚಿತ ಎಂದಕೂಡಲೇ ಸೊನ್ನೆ ಹಿಂದಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಆದರೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಕೊಟ್ಟೇ ಕೊಡುತ್ತಾರೆ, ಏಕೆಂದರೆ ಆ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುತ್ತದೆ. ಅಂದರೆ ಪ್ರಯಾಣದ ಬೆಲೆ ಬೇರೆ, ಪ್ರಯಾಣಿಕರು ಕೊಡುವ ಮೊತ್ತ ಬೇರೆ. ನಿಮ್ಮ ಇಂಟರ್‌ಫೇಸ್ ಎರಡನ್ನೂ ಹಿಂದಿರುಗಿಸಬೇಕು. ಯಾವ ಕ್ಲಾಸ್ ಚಿತ್ರವೂ ಇದನ್ನು ಹೇಳಿಕೊಡುವುದಿಲ್ಲ. ಇಂಟರ್‌ಫೇಸ್‌ನ ಆಕಾರ ಬರುವುದು ವ್ಯವಹಾರ ಅರಿತಾಗ. ನನಗೆ ಡಿಸೈನ್ ಎಂದರೆ ಮುಖ್ಯವಾಗಿ ಇದೇ.

ಒಳಗೆ ಏನನ್ನೂ ನೆನಪಿಟ್ಟುಕೊಳ್ಳದ ನಿಯಮಗಳಿಗೆ ಪ್ರತ್ಯೇಕ ಕ್ಲಾಸ್ ಬೇಡ, ಜಾವಾ 8ರಿಂದ ಲ್ಯಾಂಬ್ಡಾ ಸಾಕು. ಹಳೆಯ ಪಾಠಗಳಲ್ಲಿ ಪ್ರತಿ ನಿಯಮಕ್ಕೂ ಒಂದು ಫೈಲ್ ಕಂಡು ಹೆದರಬೇಡಿ.

ಮುಂದಿನ ಬದಲಾವಣೆ: ಹಿರಿಯರಿಗೆ ಶೇ 25 ರಿಯಾಯಿತಿ, ಜೊತೆಗೆ ಮುಂಗಡ ಬುಕಿಂಗ್ ಶುಲ್ಕ. ಇದಕ್ಕೆ ಡೆಕೊರೇಟರ್ ಬಳಸಿ, ಒಂದು ದರನಿಯಮವನ್ನು ಇನ್ನೊಂದು ದರನಿಯಮ ಸುತ್ತಿಕೊಳ್ಳಲಿ. ಮೂಲ ದರ 200 ರೂಪಾಯಿ, ಶುಲ್ಕ 20 ಎಂದುಕೊಳ್ಳಿ. ರಿಯಾಯಿತಿ ಒಳಗೆ, ಶುಲ್ಕ ಹೊರಗೆ ಇದ್ದರೆ 150ಕ್ಕೆ 20 ಸೇರಿ 170. ಅದಲು ಬದಲಾದರೆ 220ರ ಮುಕ್ಕಾಲು, 165. ಎರಡೂ ಕಂಪೈಲ್ ಆಗುತ್ತವೆ, ಒಂದು ತಪ್ಪು. ಹಾಗಾಗಿ ಸುತ್ತುವ ಕೆಲಸ ಕೋಡ್‌ನ ಒಂದೇ ಜಾಗದಲ್ಲಿ ನಡೆಯಲಿ, ಆ ಕ್ರಮಕ್ಕೂ ಒಂದು ಟೆಸ್ಟ್ ಇರಲಿ. ಇದೇ ರಚನೆ ಜಾವಾದ ಫೈಲ್ ಓದುವ-ಬರೆಯುವ ಕ್ಲಾಸ್‌ಗಳಲ್ಲಿದೆ: ಫೈಲ್‌ರೈಟರ್‌ಗೆ ಬಫರ್ಡ್‌ರೈಟರ್ ಸುತ್ತುತ್ತೀರಿ. ಹೊರಗಿನದನ್ನು ಕ್ಲೋಸ್ ಮಾಡಲು ಮರೆತರೆ ಬಫರ್‌ನಲ್ಲಿ ಉಳಿದ ಕೊನೆಯ ಸಾಲುಗಳು ಫೈಲ್‌ಗೆ ಬೀಳುವುದೇ ಇಲ್ಲ. ಬೇಕೆಂದೇ ಒಮ್ಮೆ ಹಾಗೆ ಮಾಡಿ ನೋಡಿ.

ಆಮೇಲೆ ಅಬ್ಸರ್ವರ್: ಒಂದು ಕಡೆ ಏನಾದರೂ ನಡೆದಾಗ, ತಿಳಿಯಬೇಕೆಂದು ಹೆಸರು ಕೊಟ್ಟ ಆಬ್ಜೆಕ್ಟ್‌ಗಳಿಗೆ (ಕೇಳುಗರಿಗೆ) ಸುದ್ದಿ ಮುಟ್ಟಿಸುವ ಪ್ಯಾಟರ್ನ್. ಟಿಕೆಟ್ ಕೊಟ್ಟಾಗ ಸೀಟಿನ ಲೆಕ್ಕಕ್ಕೂ ವಸೂಲಿ ಲೆಕ್ಕಕ್ಕೂ ಸುದ್ದಿ ಹೋಗಬೇಕು. ಕೇಳುಗರ ಪಟ್ಟಿಯನ್ನು ಅರೇಲಿಸ್ಟ್‌ನಲ್ಲಿಟ್ಟು, ಸುದ್ದಿ ತಲುಪಿದ ಕೂಡಲೇ ಒಬ್ಬ ಕೇಳುಗ ತನ್ನನ್ನು ತಾನೇ ಪಟ್ಟಿಯಿಂದ ತೆಗೆದುಕೊಂಡರೆ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಬೀಳಬಹುದು. ಕಾಪಿಆನ್‌ರೈಟ್‌ಅರೇಲಿಸ್ಟ್ ಬಳಸಿದರೆ ಬೀಳದು. ತೆಗೆಯಲು ಮರೆತ ಕೇಳುಗನನ್ನು ಪಟ್ಟಿ ಹಿಡಿದುಕೊಂಡೇ ಇರುತ್ತದೆ, ಮೆಮೊರಿ ಸೋರುವುದು ಹೀಗೆ. ಜಾವಾದ ಸ್ವಂತ ಅಬ್ಸರ್ವಬಲ್ ಕ್ಲಾಸ್ ಜಾವಾ 9ರಿಂದ ಡೆಪ್ರಿಕೇಟೆಡ್, ಅಂದರೆ ಇನ್ನು ಬಳಸಬೇಡಿ ಎಂದು ಗುರುತು ಹಾಕಿದ್ದಾರೆ. ಅದನ್ನು ಬಳಸುವ ಪಾಠ ಬಿಡಿ.

ಇಡೀ ಪ್ರೋಗ್ರಾಂಗೆ ಒಂದು ಕ್ಲಾಸ್‌ನ ಒಂದೇ ಆಬ್ಜೆಕ್ಟ್ ಇರುವಂತೆ ಮಾಡುವ ಸಿಂಗಲ್‌ಟನ್ ಎಲ್ಲರೂ ಮೊದಲು ಕಲಿಯುತ್ತಾರೆ. ಅದನ್ನು ಕೊನೆಗೆ ಇಡಿ, ಏಕೆಂದರೆ ಆ ಒಂದೇ ಆಬ್ಜೆಕ್ಟನ್ನು ಎಲ್ಲ ಟೆಸ್ಟ್‌ಗಳೂ ಹಂಚಿಕೊಳ್ಳುತ್ತವೆ. ಒಂದು ಟೆಸ್ಟ್ ಬಿಟ್ಟುಹೋದ ಸ್ಥಿತಿ ಇನ್ನೊಂದಕ್ಕೆ ಅಂಟಿಕೊಂಡು, ಒಂಟಿಯಾಗಿ ಪಾಸ್ ಆಗುವ ಟೆಸ್ಟ್ ಗುಂಪಿನಲ್ಲಿ ಫೇಲ್ ಆಗುತ್ತದೆ. ಒಂದೇ ಆಬ್ಜೆಕ್ಟ್ ಸಾಕಾದರೆ ಮೇನ್‌ನಲ್ಲಿ ಒಮ್ಮೆ ಸೃಷ್ಟಿಸಿ, ಬೇಕಾದವರಿಗೆ ಕನ್‌ಸ್ಟ್ರಕ್ಟರ್ ಮೂಲಕ ಕೊಡಿ.

ಪ್ರತಿ ಪ್ಯಾಟರ್ನ್ ಹಾಕಿದ ಮೇಲೆ ಒಮ್ಮೆ ತೆಗೆದೂ ನೋಡಿ. ಇಂಟರ್‌ಫೇಸ್‌ಗೆ ಒಂದೇ ಒಂದು ಕ್ಲಾಸ್ ಇದ್ದು, ತೆಗೆದರೂ ಏನೂ ಕೆಡದಿದ್ದರೆ ಅದು ಬೇಕಿರಲಿಲ್ಲ. ಇಷ್ಟಾದ ಮೇಲೆ ಟಿಕೆಟ್ ರದ್ದು ಮಾಡುವ ಸೌಲಭ್ಯ ಸೇರಿಸಿ: ಬುಕ್ ಆದ, ಪ್ರಯಾಣ ಶುರುವಾದ, ರದ್ದಾದ ಟಿಕೆಟ್‌ಗಳಿಗೆ ಬೇರೆ ಬೇರೆ ನಡವಳಿಕೆ ಬೇಕಾಗುತ್ತದೆ. ಮೊದಲು ಇಫ್‌ನಲ್ಲೇ ಬರೆದು, ಎಲ್ಲಿ ನೋಯುತ್ತದೆಂದು ನೋಡಿ, ನಂತರವೇ ಸ್ಟೇಟ್ ಪ್ಯಾಟರ್ನ್‌ನ ಪುಟ ತೆರೆಯಿರಿ.