ಬ್ರೆಕ್ಸಿಟ್ ನಂತರದ ವ್ಯಾಪಾರ: ಸುಂಕವಿಲ್ಲ, ಆದರೆ ಗಡಿ ಇದೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಬ್ರಿಟನ್ ಬಗ್ಗೆ ಕೇಳಿದವೇ ಜಾಸ್ತಿ. ಅದರಲ್ಲಿ ಐದನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದು ಅರ್ಥವಾದರೆ ಉಳಿದವು ಸಲೀಸು.

ಪ್ರಶ್ನೆ: ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟರೂ ಅವರಿಬ್ಬರ ನಡುವೆ ಸುಂಕವೇ ಇಲ್ಲ ಎಂದು ಓದಿದೆ. ಸುಂಕ ಇಲ್ಲ ಅಂದಮೇಲೆ ವ್ಯಾಪಾರಕ್ಕೆ ಏನು ತೊಂದರೆ ಸರ್? ನಷ್ಟ ಅನ್ನುವುದು ಸುಮ್ನೆ ರಾಜಕೀಯದ ಮಾತಾ? (ಎಂ.ಎ. ವಿದ್ಯಾರ್ಥಿ, ಧಾರವಾಡ)

ರಾಜಕೀಯದ ಮಾತಲ್ಲ. ನೀವು ಓದಿದ್ದು ಸರಿ, ಆದರೆ ಪೂರ್ತಿ ಅಲ್ಲ.

2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು. ಆ ವರ್ಷದ ಕೊನೆಯವರೆಗೂ ಹಳೆಯ ನಿಯಮಗಳೇ ನಡೆದವು. ಇನ್ನೇನು ಒಂದು ವಾರ ಬಾಕಿ ಇದೆ ಅನ್ನುವಾಗ, ಡಿಸೆಂಬರ್ 24ರಂದು, ವ್ಯಾಪಾರ ಮತ್ತು ಸಹಕಾರ ಒಪ್ಪಂದ ಕುದುರಿತು. ಸುಂಕ ಸೊನ್ನೆ, ಕೋಟಾ ಇಲ್ಲ. ಆದರೆ ಆ ಸೊನ್ನೆ ಸುಂಕ ಬ್ರಿಟನ್ನಿನಿಂದ ಹೊರಡುವ ಎಲ್ಲ ಸರಕಿಗೂ ಸಿಗುವುದಿಲ್ಲ. ಅಲ್ಲೇ ತಯಾರಾದದ್ದು ಎಂದು ತೋರಿಸಲು ಆಗುವ ಸರಕಿಗೆ ಮಾತ್ರ.

ನಮ್ಮ ಪೀಣ್ಯದಲ್ಲಿ ಹೊಲಿದ ಒಂದು ಶರ್ಟನ್ನೇ ತೆಗೆದುಕೊಳ್ಳಿ. ಅದು ಇಂಗ್ಲೆಂಡಿನ ಗೋದಾಮಿಗೆ ಹೋಗುತ್ತದೆ, ಅಲ್ಲಿಂದ ಡಬ್ಲಿನ್‌ನ ಅಂಗಡಿಗೆ ಹೋಗುತ್ತದೆ ಅಂದುಕೊಳ್ಳಿ. 2020ರವರೆಗೆ ಒಕ್ಕೂಟದ ಯಾವ ಬಂದರಿನಲ್ಲಾದರೂ ಒಮ್ಮೆ ಸುಂಕ ಕಟ್ಟಿದರೆ ಮುಗಿಯಿತು, ಆಮೇಲೆ ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ಈಗ ಹಾಗಲ್ಲ. ಶರ್ಟು ಬ್ರಿಟನ್ನಿನಲ್ಲಿ ತಯಾರಾಗಿಲ್ಲ, ಆದ್ದರಿಂದ ಐರ್ಲೆಂಡಿಗೆ ಕಾಲಿಟ್ಟ ಕೂಡಲೇ ಒಕ್ಕೂಟದ 12% ಸುಂಕ ಬೀಳುತ್ತದೆ. ಸುಂಕ ಕಟ್ಟದೆಯೇ ಸರಕು ಇಡಬಹುದಾದ ಬಾಂಡೆಡ್ ಗೋದಾಮಿನಲ್ಲಿಟ್ಟು ಎರಡೆರಡು ಸಲ ಕಟ್ಟುವುದನ್ನು ತಪ್ಪಿಸಬಹುದು, ಆದರೆ ಅದಕ್ಕೆ ಬೇರೆಯೇ ಲೈಸೆನ್ಸು, ಬೇರೆಯೇ ಲೆಕ್ಕ. ಬ್ರಿಟನ್ನಿನಲ್ಲಿ ಜೋಡಿಸಿದ ಕಾರಿಗೂ ಇದೇ ತಾಪತ್ರಯ. ಪೆಟ್ರೋಲ್ ಕಾರಾದರೆ ಅದರ ಬೆಲೆಯಲ್ಲಿ ಬ್ರಿಟನ್, ಒಕ್ಕೂಟ ಎರಡರ ಹೊರಗಿನಿಂದ ಬಂದ ಬಿಡಿಭಾಗಗಳ ಪಾಲು 45% ದಾಟಬಾರದು. ದಾಟಿದರೆ 10% ಸುಂಕ. ದಾಟಿಲ್ಲ ಎಂದು ತೋರಿಸಲು ಪ್ರತಿ ಸಪ್ಲೈಯರ್‌ನಿಂದ ಕಾಗದ ತರಿಸಬೇಕು.

ಇದಕ್ಕಿಂತ ಕಷ್ಟ ಆಹಾರದ ವ್ಯಾಪಾರಿಗಳದ್ದು. ಮಾಂಸ, ಚೀಸ್, ಮೀನು ಯಾವುದೇ ಇರಲಿ, ಪಶುವೈದ್ಯರೋ ಅಧಿಕೃತ ಪರಿವೀಕ್ಷಕರೋ ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬೇಕು. ಒಂದೇ ಲಾರಿಯಲ್ಲಿ ಹತ್ತು ಜನರ ಸರಕು ಇದ್ದು ಒಬ್ಬನ ಕಾಗದದಲ್ಲಿ ತಪ್ಪಿದ್ದರೆ ಇಡೀ ಲಾರಿ ನಿಲ್ಲುತ್ತದೆ. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಮೀನುಗಾರರಿಗೆ ಆಗಿದ್ದು ಇದೇ. ಹಿಂದಿನ ದಿನ ಹಿಡಿದ ಸಿಗಡಿ, ಏಡಿ ಮರುದಿನ ಫ್ರಾನ್ಸಿನ ಮಾರುಕಟ್ಟೆ ಸೇರುತ್ತಿದ್ದ ಜಾಗದಲ್ಲಿ ದಿನಗಟ್ಟಲೆ ಕಾಯಬೇಕಾಯಿತು, ಬೆಲೆ ನೆಲಕಚ್ಚಿತು. ಇನ್ನು ಎರಡನೇ ದರ್ಜೆಯ ನೀರಿನಲ್ಲಿ ಬೆಳೆದ ಜೀವಂತ ಚಿಪ್ಪುಮೀನನ್ನು ಶುದ್ಧೀಕರಿಸದೆ ಒಕ್ಕೂಟಕ್ಕೆ ಕಳಿಸುವುದೇ ನಿಂತುಹೋಯಿತು. ಸುಂಕ ಸೊನ್ನೆ ಇದ್ದು ಏನು ಪ್ರಯೋಜನ?

ದೊಡ್ಡ ಕಂಪನಿ ಕಸ್ಟಮ್ಸ್ ಕೆಲಸಕ್ಕೇ ಒಂದು ವಿಭಾಗ ಇಟ್ಟುಕೊಳ್ಳುತ್ತದೆ. ತಿಂಗಳಿಗೆ ನಾಲ್ಕು ಪಾರ್ಸೆಲ್ ಕಳಿಸುವ ಸಣ್ಣ ವ್ಯಾಪಾರಿ ಏನು ಮಾಡಬೇಕು? ಎಷ್ಟೋ ಜನ ಯುರೋಪಿಗೆ ಮಾರುವುದನ್ನೇ ಬಿಟ್ಟರು. ನನಗೆ ಈ ವಿಷಯದಲ್ಲಿ ನಿಜಕ್ಕೂ ಬೇಸರ ತರಿಸುವುದು ಇದು. ಬ್ರಿಟನ್ ಸರ್ಕಾರದ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಓಬಿಆರ್‌ನ ಅಂದಾಜು ಹೀಗಿದೆ: ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಆಮದು ರಫ್ತು ಎರಡೂ ದೀರ್ಘಕಾಲದಲ್ಲಿ 15% ಕಡಿಮೆ, ಉತ್ಪಾದಕತೆ 4% ಕಡಿಮೆ. ಪರೀಕ್ಷೆಯಲ್ಲಿ ಬರೆಯುವಾಗ ಒಂದು ಎಚ್ಚರ ಇರಲಿ. ಆರ್ಥಿಕತೆ 4% ಕುಸಿಯಿತು ಎಂದು ಇದರ ಅರ್ಥವಲ್ಲ. ಬೆಳೆಯಬಹುದಾಗಿದ್ದಷ್ಟು ಬೆಳೆಯುವುದಿಲ್ಲ ಎಂದು ಅರ್ಥ.

ಪ್ರಶ್ನೆ: ಸ್ವಂತ ಸುಂಕ, ಸ್ವಂತ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಸಿಕ್ಕಿತಲ್ಲ. ಅದರಿಂದ ಲಾಭವೇ ಆಗಿಲ್ಲವೇ? (ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ)

ಆಗಿದೆ. ಎಷ್ಟು ಅನ್ನುವುದೇ ಪ್ರಶ್ನೆ.

2021ರ ಜನವರಿ 1ರಿಂದ ಬ್ರಿಟನ್ ತನ್ನದೇ ಸುಂಕದ ಪಟ್ಟಿ ಜಾರಿಗೆ ತಂದಿತು. ಸಣ್ಣಪುಟ್ಟ ಸುಂಕಗಳನ್ನು ಕಿತ್ತುಹಾಕಿತು, ಕಾರಿನ ಮೇಲಿನ 10% ಹಾಗೇ ಇಟ್ಟುಕೊಂಡಿತು. ಜಪಾನ್, ದಕ್ಷಿಣ ಕೊರಿಯಾ, ಸ್ವಿಟ್ಜರ್ಲೆಂಡ್, ಟರ್ಕಿ ಇಂಥ ದೇಶಗಳ ಜೊತೆ ಒಕ್ಕೂಟದ ಮೂಲಕ ಮೊದಲೇ ಇದ್ದ ಒಪ್ಪಂದಗಳನ್ನು ತನ್ನ ಹೆಸರಿಗೆ ಬದಲಾಯಿಸಿಕೊಂಡಿತು. ಇವು ಹೊಸ ಗಳಿಕೆಯಲ್ಲ, ಇದ್ದದ್ದನ್ನು ಉಳಿಸಿಕೊಂಡದ್ದು. ಆದರೂ ಅಷ್ಟು ಕಡಿಮೆ ಸಮಯದಲ್ಲಿ ಅಷ್ಟೊಂದನ್ನು ಉಳಿಸಿಕೊಂಡ ಅಲ್ಲಿನ ಅಧಿಕಾರಿಗಳ ಕೆಲಸವನ್ನು ಮೆಚ್ಚಲೇಬೇಕು.

ನಿಜವಾಗಿ ಹೊಸದು ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ಎರಡೂ 2023ರ ಮೇ 31ಕ್ಕೆ ಜಾರಿಯಾದವು. ಆಸ್ಟ್ರೇಲಿಯಾ ಒಪ್ಪಂದದಿಂದ ಜಿಡಿಪಿಗೆ ಸಿಗುವುದು 2035ರ ಹೊತ್ತಿಗೆ 0.08% ಎಂದು ಬ್ರಿಟನ್ ಸರ್ಕಾರವೇ ಅಂದಾಜು ಮಾಡಿತ್ತು. ಅದಕ್ಕೆ ಪ್ರತಿಯಾಗಿ ಅಲ್ಲಿನ ದನದ ಮಾಂಸಕ್ಕೂ ಕುರಿ ಮಾಂಸಕ್ಕೂ ಹಂತ ಹಂತವಾಗಿ ಬಾಗಿಲು ತೆರೆಯಿತು, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಕುರಿ ಸಾಕುವವರು ಸಿಟ್ಟಾದರು. 2024ರ ಡಿಸೆಂಬರ್ 15ರಂದು ಪೆಸಿಫಿಕ್ ದೇಶಗಳ ಸಿಪಿಟಿಪಿಪಿ ಒಪ್ಪಂದದಲ್ಲೂ ಬ್ರಿಟನ್ ಸೇರಿತು. ಆದರೆ ಅದರೊಳಗಿನ ದೇಶಗಳಲ್ಲಿ ಬ್ರಿಟನ್ ಜೊತೆ ಮೊದಲೇ ಒಪ್ಪಂದ ಇಲ್ಲದೆ ಇದ್ದವು ಮಲೇಷ್ಯಾ ಮತ್ತು ಬ್ರುನೈ ಮಾತ್ರ.

ಒಂಟಿಯಾಗಿ ಚೌಕಾಸಿಗೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾ ನೋಡಿ. ಬ್ರಿಟಿಷ್ ಚೀಸ್‌ಗೆ ಅಲ್ಲಿದ್ದ ರಿಯಾಯಿತಿ 2023ರ ಕೊನೆಗೆ ಮುಗಿಯಿತು, ಸುಂಕ 245%ಕ್ಕೆ ಏರಿತು. ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸವನ್ನು ಬಿಟ್ಟುಕೊಳ್ಳಿ ಎಂದು ಕೆನಡಾ ಪಟ್ಟು ಹಿಡಿಯಿತು. 2024ರ ಜನವರಿಯಲ್ಲಿ ಬ್ರಿಟನ್ ಮಾತುಕತೆಯನ್ನೇ ನಿಲ್ಲಿಸಿತು.

ಇನ್ನೊಂದು ಕಡೆಯದನ್ನೂ ಹೇಳಬೇಕು. 2025ರಲ್ಲಿ ಅಮೆರಿಕ ಎಲ್ಲರ ಮೇಲೂ ಸುಂಕ ಹೇರಿದಾಗ ಬ್ರಿಟನ್ ಬೇಗ ಮಾತಾಡಿ ಮೇ 8ರಂದೇ ಒಪ್ಪಂದ ಮಾಡಿಕೊಂಡಿತು. ಬಹುಪಾಲು ಸರಕಿಗೆ 10% ಸುಂಕ, ವರ್ಷಕ್ಕೆ 1 ಲಕ್ಷ ಕಾರುಗಳಿಗೂ 10%. ಒಕ್ಕೂಟಕ್ಕೆ ಜುಲೈನಲ್ಲಿ ಸಿಕ್ಕಿದ್ದು 15%. ಹೊರಗಿದ್ದರಿಂದಲೇ ಸಿಕ್ಕ ಲಾಭ ಇದು. ಬ್ರೆಕ್ಸಿಟ್ ವಿರೋಧಿಗಳು ಇದನ್ನು ಒಪ್ಪಿಕೊಳ್ಳುವುದು ನ್ಯಾಯ.

ಆದರೆ ಬ್ರಿಟನ್ನಿನ ರಫ್ತಿನಲ್ಲಿ ನೂರಕ್ಕೆ ನಲವತ್ತು ಭಾಗಕ್ಕೂ ಜಾಸ್ತಿ ಈಗಲೂ ಹೋಗುವುದು ಪಕ್ಕದ ಒಕ್ಕೂಟಕ್ಕೇ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದೂರದ ದೇಶಗಳ ಜೊತೆ ಎಷ್ಟೇ ಒಪ್ಪಂದ ಮಾಡಿಕೊಂಡರೂ ಪಕ್ಕದಲ್ಲಿ ಕಳೆದುಕೊಂಡದ್ದು ತುಂಬುವುದಿಲ್ಲ. ಮೇಲಿನ ಅಂಕಿಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ, ಒಂದು ಕಡೆ 4%, ಇನ್ನೊಂದು ಕಡೆ 0.08%.

ಪ್ರಶ್ನೆ: ಉತ್ತರ ಐರ್ಲೆಂಡಿಗೆ ಮಾತ್ರ ಬೇರೆ ನಿಯಮ ಯಾಕೆ? ಅದೂ ಬ್ರಿಟನ್ನಿನ ಭಾಗವೇ ಅಲ್ವಾ? (ಓದುಗರು, ಉಡುಪಿ)

ಭಾಗವೇ. ಆದರೆ ಅದರ ಭೂಗಡಿ ಇರುವುದು ಒಕ್ಕೂಟದ ಸದಸ್ಯನಾದ ಐರ್ಲೆಂಡ್ ಜೊತೆ. ಅಲ್ಲಿ ದಶಕಗಳ ಹಿಂಸೆ ನಿಂತದ್ದು 1998ರ ಶಾಂತಿ ಒಪ್ಪಂದದಿಂದ. ಆಮೇಲೆ ಆ ಗಡಿಯಲ್ಲಿ ತಪಾಸಣೆ ಅನ್ನುವುದೇ ಉಳಿಯಲಿಲ್ಲ, ಮತ್ತೆ ಚೆಕ್‌ಪೋಸ್ಟ್ ಹಾಕಲು ಯಾರಿಗೂ ಧೈರ್ಯವಿರಲಿಲ್ಲ, ಇರಲೂಬಾರದು. ಹಾಗಾಗಿ ಸರಕಿನ ಮಟ್ಟಿಗೆ ಉತ್ತರ ಐರ್ಲೆಂಡ್ ಒಕ್ಕೂಟದ ನಿಯಮಗಳಲ್ಲೇ ಉಳಿಯಿತು, ತಪಾಸಣೆ ಅದಕ್ಕೂ ಬ್ರಿಟನ್ನಿನ ಉಳಿದ ಭಾಗಕ್ಕೂ ನಡುವಿನ ಸಮುದ್ರಕ್ಕೆ ಸರಿಯಿತು. ಒಂದೇ ದೇಶದೊಳಗೆ ಸಾಗುವ ಸರಕಿಗೆ ಕಸ್ಟಮ್ಸ್ ಬಂದದ್ದು ಅಲ್ಲಿನ ಬ್ರಿಟನ್ ಪರ ಪಕ್ಷಗಳನ್ನು ಕೆರಳಿಸಿತು. 2023ರ ಫೆಬ್ರವರಿಯ ವಿಂಡ್ಸರ್ ಒಪ್ಪಂದ ಇದನ್ನು ಹಗುರ ಮಾಡಿತು. ಅಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ಐರ್ಲೆಂಡಿಗೆ ದಾಟಬಹುದಾದ ಸರಕಿಗೆ ಕೆಂಪು ದಾರಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಘಟಕ ನಡೆಸುತ್ತೇನೆ. ಭಾರತ–ಬ್ರಿಟನ್ ಒಪ್ಪಂದದಿಂದ ನಮ್ಮಂಥವರಿಗೆ ನಿಜವಾಗಿ ಏನು ಸಿಗುತ್ತದೆ? (ಹೆಸರು ಬೇಡ ಎಂದಿದ್ದಾರೆ)

ನಿಮಗೆ ಸಿಗುತ್ತದೆ, ಖಂಡಿತ ಸಿಗುತ್ತದೆ. 2022ರ ಜನವರಿಯಲ್ಲಿ ಶುರುವಾದ ಮಾತುಕತೆ 2025ರ ಮೇ 6ಕ್ಕೆ ಮುಗಿದು, ಜುಲೈ 24ರಂದು ಸಹಿ ಬಿತ್ತು. ಒಕ್ಕೂಟದೊಳಗೇ ಇದ್ದಿದ್ದರೆ ಬ್ರಿಟನ್ ಒಬ್ಬನೇ ಇದನ್ನು ಮಾಡಲು ಸಾಧ್ಯವೇ ಇರಲಿಲ್ಲ.

ಸಿದ್ಧ ಉಡುಪಿಗೆ ಬ್ರಿಟನ್ ಹಾಕುತ್ತಿದ್ದ ಸುಂಕ 12%ವರೆಗೆ ಇತ್ತು. ಬಾಂಗ್ಲಾದೇಶ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವುದರಿಂದ ಸುಂಕವೇ ಇಲ್ಲದೆ ಕಳಿಸುತ್ತ ಬಂದಿದೆ. ನಿಮ್ಮ ಲಾಭದ ಅಂಚು ಎಷ್ಟು ತೆಳ್ಳಗೆ ಅನ್ನುವುದು ನಿಮಗೇ ಗೊತ್ತು. ಅಂಥದ್ದರಲ್ಲಿ 12% ಹಿಂದೆ ನಿಂತು ಓಡಬೇಕಿತ್ತು. ಒಪ್ಪಂದದಲ್ಲಿ ಭಾರತದ ಸುಮಾರು 99% ಬಗೆಯ ಸರಕಿಗೆ ಸುಂಕ ಸೊನ್ನೆ, ಉಡುಪೂ ಅದರಲ್ಲಿದೆ. ಆದರೆ ಸೊನ್ನೆ ಸುಂಕ ತಾನಾಗಿ ಬರುವುದಿಲ್ಲ. ಬಟ್ಟೆ ಎಲ್ಲಿಂದ ಬಂತು, ಎಲ್ಲಿ ಕತ್ತರಿಸಿದಿರಿ, ಎಲ್ಲಿ ಹೊಲಿದಿರಿ ಅನ್ನುವ ದಾಖಲೆ ಬೇಕು. ಚೀನಾದ ಬಟ್ಟೆ ತರಿಸಿ ಹೊಲಿಯುವವರಾದರೆ ನಿಮ್ಮ ಸರಕಿನ ಎಚ್‌ಎಸ್ ಕೋಡ್‌ಗೆ (ಕಸ್ಟಮ್ಸ್‌ನವರು ಸರಕಿನ ಬಗೆಗೆ ಕೊಡುವ ಸಂಖ್ಯೆ) ಅದು ಎಲ್ಲಿ ತಯಾರಾದದ್ದೆಂದು ನಿರ್ಧರಿಸುವ ಯಾವ ನಿಯಮ ಇದೆ ಎಂದು ಕಸ್ಟಮ್ಸ್ ಏಜೆಂಟ್ ಹತ್ತಿರ ಕೂತು ಓದಿಸಿಕೊಳ್ಳಿ. ಆರ್ಡರ್‌ಗೆ ರೇಟು ಕೊಡುವ ಮೊದಲು ಆ ಕೆಲಸ ಆಗಬೇಕು. ಬೈಯರ್‌ ಆ 12%ವನ್ನು ಪೂರ್ತಿ ತನಗೇ ಕೇಳುತ್ತಾನೆ, ಪೂರ್ತಿ ಬಿಟ್ಟುಕೊಡಬೇಡಿ.

ಉಳಿದ ಕ್ಷೇತ್ರಗಳ ಬಗ್ಗೆ ಚುಟುಕಾಗಿ. ಕಂಪನಿ ಕಳಿಸಿದ ಮೇಲೆ ಅಲ್ಲಿಗೆ ಹೋಗುವ ನಮ್ಮ ಐಟಿ ಹುಡುಗ ಹುಡುಗಿಯರು ಒಂದು ನಿಗದಿತ ಅವಧಿಯವರೆಗೆ ಅಲ್ಲಿನ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಕಟ್ಟಬೇಕಿಲ್ಲ, ಇಲ್ಲಿ ಪಿಎಫ್ ಕಟ್ಟಿದರೆ ಸಾಕು, ಅದಕ್ಕೆ ಪ್ರತ್ಯೇಕ ಒಡಂಬಡಿಕೆ ಇದೆ. ಭಾರತ ಬಿಟ್ಟುಕೊಟ್ಟದ್ದರಲ್ಲಿ ದೊಡ್ಡದು ವಿಸ್ಕಿ, 150% ಇದ್ದದ್ದು ಮೊದಲು 75%, ಹತ್ತನೇ ವರ್ಷಕ್ಕೆ 40%. ಹಾಲಿನ ಉತ್ಪನ್ನಗಳನ್ನು ಭಾರತ ಹೊರಗಿಟ್ಟಿದೆ, ಹಾಗಾಗಿ ನಮ್ಮ ಹಾಲು ಉತ್ಪಾದಕರು ಗಾಬರಿಯಾಗಬೇಕಿಲ್ಲ. ಬಳ್ಳಾರಿ ಕಡೆಯ ಉಕ್ಕಿನವರು ಮಾತ್ರ ಒಂದು ದಿನಾಂಕ ಗುರುತು ಹಾಕಿಕೊಳ್ಳಿ: 2027ರ ಜನವರಿಯಿಂದ ಬ್ರಿಟನ್ ತನ್ನದೇ ಗಡಿ ಕಾರ್ಬನ್ ತೆರಿಗೆ (ಆಮದು ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ತಕ್ಕ ತೆರಿಗೆ) ತರಲಿದೆ, ಈ ಒಪ್ಪಂದದಲ್ಲಿ ಅದಕ್ಕೆ ವಿನಾಯಿತಿ ಸಿಕ್ಕಿಲ್ಲ.

ಪ್ರಶ್ನೆ: ಲೆಸ್ಟರ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದೇನೆ. ಯುರೋಪಿನಿಂದ ಚೀಸ್, ಬೆಣ್ಣೆ ಬರುತ್ತದೆ, ಊರ ಕಡೆಯಿಂದ ಮಸಾಲೆ. ಬ್ರಿಟನ್ ಮತ್ತೆ ಒಕ್ಕೂಟ ಸೇರುತ್ತದಾ? ನಮಗೆ ಈ ಕಾಗದದ ಕಾಟ ತಪ್ಪುತ್ತದಾ?

ಸೇರುವುದು ಸದ್ಯದಲ್ಲಿ ಕಾಣುವುದಿಲ್ಲ. ಎಲ್ಲರಿಗೂ ಒಂದೇ ನಿಯಮದ ಏಕ ಮಾರುಕಟ್ಟೆ ಬೇಡ, ಹೊರಗಿನ ಸರಕಿಗೆಲ್ಲ ಒಂದೇ ಸುಂಕ ಹಾಕುವ ಕಸ್ಟಮ್ಸ್ ಒಕ್ಕೂಟ ಬೇಡ, ಜನರ ಮುಕ್ತ ಓಡಾಟ ಬೇಡ ಎಂದು 2024ರಲ್ಲಿ ಬ್ರಿಟನ್ ಪ್ರಧಾನಿಯಾದ ಕೀರ್ ಸ್ಟಾರ್ಮರ್ ಮೊದಲೇ ಗೆರೆ ಎಳೆದರು. ಕಸ್ಟಮ್ಸ್ ಒಕ್ಕೂಟಕ್ಕೆ ಮಾತ್ರ ಮರಳಬಹುದಲ್ಲ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಹೊರದೇಶದ ಸರಕಿನ ಸುಂಕವನ್ನು ಮತ್ತೆ ಬ್ರಸೆಲ್ಸ್, ಅಂದರೆ ಐರೋಪ್ಯ ಒಕ್ಕೂಟವೇ, ನಿರ್ಧರಿಸುತ್ತದೆ, ಭಾರತದ ಜೊತೆ ಮಾಡಿಕೊಂಡ ಒಪ್ಪಂದ ಅದರ ಜೊತೆ ಕೂರುವುದಿಲ್ಲ. ಟರ್ಕಿಯನ್ನು ನೋಡಿ. ಅದು ಒಕ್ಕೂಟದ ಸದಸ್ಯ ಅಲ್ಲ, ಆದರೆ ಕಸ್ಟಮ್ಸ್ ಒಕ್ಕೂಟದಲ್ಲಿದೆ. ಬ್ರಸೆಲ್ಸ್ ಯಾರ ಜೊತೆ ಒಪ್ಪಂದ ಮಾಡಿಕೊಂಡರೂ ಟರ್ಕಿ ತನ್ನ ಸುಂಕ ಇಳಿಸಬೇಕು, ಆ ದೇಶ ಟರ್ಕಿಗೆ ಸುಂಕ ಇಳಿಸಲೇಬೇಕೆಂದಿಲ್ಲ.

ನಿಮ್ಮ ಅಂಗಡಿಗೆ ಸಂಬಂಧಪಟ್ಟದ್ದು ಬೇರೆ. ಒಕ್ಕೂಟದಿಂದ ಬರುವ ಆಹಾರದ ತಪಾಸಣೆಯನ್ನು ಬ್ರಿಟನ್ ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಶುರು ಮಾಡಿತು. ಫ್ರಾನ್ಸಿನ ಎದುರಿಗಿರುವ ಡೋವರ್ ಬಂದರಿನ ದಾರಿಯಲ್ಲಿ ಬರುವ ಸರಕಿಗೆ ಒಂದೊಂದು ಬಗೆಗೆ 10ರಿಂದ 29 ಪೌಂಡ್, ಒಂದು ಕನ್‌ಸೈನ್‌ಮೆಂಟ್‌ಗೆ ಗರಿಷ್ಠ 145 ಪೌಂಡ್ ಶುಲ್ಕ ಇಟ್ಟಿತು. ಲಾರಿಗಟ್ಟಲೆ ತರುವವನಿಗೆ ಅದು ಏನೂ ಅಲ್ಲ, ನಿಮ್ಮಂಥ ಸಣ್ಣ ಅಂಗಡಿಯ ಲಾಭವೆಲ್ಲ ಅದಕ್ಕೇ ಹೋಗಬಹುದು. 2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಆಹಾರ ಮತ್ತು ಕೃಷಿ ಪದಾರ್ಥಗಳಿಗೆ ಸಮಾನ ನಿಯಮ ತರಲು ಒಪ್ಪಿದರು. ಒಕ್ಕೂಟದ ದೋಣಿಗಳು ಬ್ರಿಟನ್ನಿನ ಸಮುದ್ರದಲ್ಲಿ ಮೀನು ಹಿಡಿಯುವ ಹಕ್ಕನ್ನು 2038ರವರೆಗೆ ವಿಸ್ತರಿಸಿದರು. ಆಹಾರದ ಒಪ್ಪಂದ ಜಾರಿಯಾದರೆ ಚೀಸ್ ಮೇಲಿನ ಪ್ರಮಾಣಪತ್ರವೂ ಹೆಚ್ಚಿನ ತಪಾಸಣೆಯೂ ಹೋಗುತ್ತವೆ. ಅದಕ್ಕೆ ಬದಲಾಗಿ ಒಕ್ಕೂಟದ ಆಹಾರ ನಿಯಮ ಬದಲಾದ ಹಾಗೆ ಬ್ರಿಟನ್ ಕೂಡ ಬದಲಾಯಿಸಿಕೊಳ್ಳುತ್ತ ಹೋಗಬೇಕು.

ಅದು ನಿಮ್ಮ ಮಸಾಲೆಗೂ ತಟ್ಟುತ್ತದೆ. ಕೀಟನಾಶಕದ ಉಳಿಕೆ ಎಷ್ಟಿರಬಹುದು ಅನ್ನುವ ಮಿತಿಯಲ್ಲಿ ಯುರೋಪ್ ಬಹಳ ಬಿಗಿ. ಮೆಣಸಿನಪುಡಿ, ಏಲಕ್ಕಿ ಕಳಿಸುವ ನಿಮ್ಮ ಸಪ್ಲೈಯರ್ ಹತ್ತಿರ ಈಗಲೇ ಲ್ಯಾಬ್ ರಿಪೋರ್ಟ್ ಕೇಳಿ, ಅದು ಬ್ರಿಟನ್ನಿನ ಮಿತಿಗಷ್ಟೇ ಅಲ್ಲ, ಯುರೋಪಿನ ಮಿತಿಗೂ ಹೊಂದುತ್ತದಾ ನೋಡಿಸಿ. ಹೊಂದದೇ ಇದ್ದರೆ ಬೇರೆಯವರನ್ನು ಹುಡುಕಲು ನಿಮಗೆ ಸಮಯ ಸಿಗುತ್ತದೆ.