ರೇಡಿಯೇಷನ್ ಕೊಡುವಾಗ ಮೆಷಿನ್ ನಡುವೆ ನಿಂತುಹೋದರೆ ಹೆದರಬೇಕಾ?

ನಿಮ್ಮ ಅಮ್ಮನಿಗೆ 25 ದಿನದ ರೇಡಿಯೇಷನ್ ಬರೆದಿದ್ದಾರೆ, 11 ಮುಗಿದಿದೆ. ಕಳೆದ ವಾರ ಎರಡು ಸಲ ಮೆಷಿನ್ ನಡುವೆ ನಿಂತುಹೋಯಿತು. ಕೇಳಿದರೆ ‘ಏನಿಲ್ಲ, ಸಣ್ಣ ಎರರ್’ ಅಂದರು. ಈಗ ಅಮ್ಮ ಒಳಗೆ ಹೋಗೋಕೇ ಹೆದರುತ್ತಿದ್ದಾರೆ. ಈ ಮೆಷಿನ್ ನಂಬಬಹುದಾ, ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ.

ನಾನು 17 ವರ್ಷದಿಂದ ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ಅಂದರೆ ನಿಮ್ಮ ಅಮ್ಮನನ್ನು ಟೇಬಲ್ ಮೇಲೆ ಮಲಗಿಸಿ, ಮೈಮೇಲಿನ ಗುರುತು ಸರಿಹೊಂದಿಸಿ, ಹೊರಗೆ ಬಂದು ಬಟನ್ ಒತ್ತುವವನು. ಮೊದಲೇ ಹೇಳಿಬಿಡುತ್ತೇನೆ: ಮೆಷಿನ್ ನಿಂತಿದ್ದಕ್ಕೆ ಹೆದರಬೇಡಿ. ‘ಏನಿಲ್ಲ’ ಅಂದರಲ್ಲ, ಅದು ಮಾತ್ರ ನನಗೆ ಹಿಡಿಸಲಿಲ್ಲ.

ಈಗ ರೇಡಿಯೇಷನ್ ಕೊಡುವ ಮೆಷಿನ್‌ಗೆ ಲಿನಾಕ್ ಅನ್ನುತ್ತೇವೆ. ಅದಕ್ಕೆ ನಿಲ್ಲೋಕೆ ಒಂದು ನೆಪ ಸಾಕು. ಬಾಗಿಲು ಸ್ವಲ್ಪ ತೆರೆದರೂ ನಿಲ್ಲುತ್ತದೆ. ತಂಪು ಮಾಡುವ ನೀರು ಬಿಸಿಯಾದರೆ ನಿಲ್ಲುತ್ತದೆ. ಕಿರಣಕ್ಕೆ ಆಕಾರ ಕೊಡುವ ತೆಳು ಟಂಗ್‌ಸ್ಟನ್ ಪಟ್ಟಿಗಳಿವೆ, ನಾವು ಲೀಫ್ ಅನ್ನುತ್ತೇವೆ. ಅಷ್ಟರಲ್ಲಿ ಒಂದೇ ಒಂದು ತನ್ನ ಜಾಗಕ್ಕೆ ಬರದಿದ್ದರೂ ನಿಲ್ಲುತ್ತದೆ. ಡೋಸ್ ಅಳೆಯೋಕೆ ಒಳಗೆ ಒಂದಲ್ಲ, ಎರಡು ಮೀಟರ್ ಇವೆ. ಎರಡರ ಲೆಕ್ಕ ತಾಳೆ ಆಗದಿದ್ದರೆ ಬೀಮ್, ಅಂದರೆ ಕಿರಣ, ಕಟ್. ಅನುಮಾನ ಬಂದಾಗ ನಿಲ್ಲಬೇಕು ಅಂತಲೇ ಅದನ್ನು ಮಾಡಿರೋದು.

‘ಅರ್ಧಕ್ಕೆ ನಿಂತರೆ ಕೊಟ್ಟಿದ್ದೆಲ್ಲ ವೇಸ್ಟಾ, ಮತ್ತೆ ಮೊದಲಿಂದ ಕೊಡ್ತಾರಾ’ ಅಂತ ಸುಮಾರು ಜನ ಕೇಳುತ್ತಾರೆ. ಹಾಗಲ್ಲ. ಮೆಷಿನ್ ಡೋಸ್ ಎಣಿಸೋದು ಯೂನಿಟ್ ಲೆಕ್ಕದಲ್ಲಿ. 120 ಯೂನಿಟ್ ಕೊಡಬೇಕಿತ್ತು, 73ಕ್ಕೆ ನಿಂತಿತು ಅಂತಿಟ್ಟುಕೊಳ್ಳಿ. ಆ 73 ದಾಖಲಾಗಿರುತ್ತದೆ. ತೊಂದರೆ ಏನು ಅಂತ ನೋಡಿ, ಸರಿಮಾಡಿ, ಉಳಿದ 47 ಕೊಡುತ್ತೇವೆ. ಅದೇ ದಿನ ಆಗದಿದ್ದರೆ ಬಾಕಿ ಎಷ್ಟು ಅಂತ ಬರೆದಿಡುತ್ತೇವೆ.

‘ಪರದೆ ತೋರಿಸುವ ಲೆಕ್ಕವೇ ತಪ್ಪಾಗಿದ್ದರೆ?’ ಅಂತ ನೀವು ಕೇಳಬಹುದು. ಕೇಳಲೇಬೇಕು. ಹಿಂದೆ ಒಂದು ಮೆಷಿನ್‌ನಲ್ಲಿ ಹಾಗೇ ಆಗಿದೆ. ನಮ್ಮ ಕೋರ್ಸಿನಲ್ಲಿ ಅದನ್ನು ಪಾಠ ಮಾಡಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಮೆಷಿನ್ ಹೆಸರು ಥೆರಾಕ್-25. ಮಾಡಿದ್ದು ಕೆನಡಾ ಸರ್ಕಾರದ ಕಂಪನಿ. ಹಳೆಯ ಮಾದರಿಯಲ್ಲಿ ತಪ್ಪು ಡೋಸ್ ಹೋಗದ ಹಾಗೆ ತಡೆಯುವ ಬೇರೆಯದೇ ಸರ್ಕ್ಯೂಟ್ ಇತ್ತು. ಇದರಲ್ಲಿ ಅದನ್ನು ತೆಗೆದು, ಎಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅಂತ ಬಿಟ್ಟರು. 1986ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಊರಿನಲ್ಲಿ ಒಬ್ಬರು ಬೆನ್ನಿಗೆ ರೇಡಿಯೇಷನ್ ತಗೊಳ್ಳೋಕೆ ಬಂದರು. ಅವರದು ಒಂಬತ್ತನೇ ಸಲ. ಆಪರೇಟರ್ ‘ಇ’ (ಎಲೆಕ್ಟ್ರಾನ್ ಕಿರಣ) ಒತ್ತುವ ಕಡೆ ‘ಎಕ್ಸ್’ (ಎಕ್ಸ್-ರೇ) ಒತ್ತಿ, ಥಟ್ಟನೆ ತಿದ್ದಿದರು. ಕೈ ಪಳಗಿದವರು, ಬೇಗ ಬೇಗ ತಿದ್ದಿದರು. ಎಂಟು ಸೆಕೆಂಡ್ ಒಳಗೆ ತಿದ್ದಿದರೆ ಆ ಸಾಫ್ಟ್‌ವೇರ್‌ಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೀಮ್ ಶುರುವಾಗಿ ನಿಂತಿತು. ಪರದೆ ಮೇಲೆ ‘ಮಾಲ್‌ಫಂಕ್ಷನ್ 54’. 202 ಯೂನಿಟ್‌ನಲ್ಲಿ 6 ಮಾತ್ರ ಹೋಗಿದೆ ಅಂತ ಲೆಕ್ಕ. ಅಂಥ ಎರರ್ ಅಲ್ಲಿ ದಿನಾ ಬರುತ್ತಿದ್ದವು. ಅದಕ್ಕೆ ಆಪರೇಟರ್ ಮುಂದುವರಿಸುವ ಬಟನ್ ‘ಪಿ’ ಒತ್ತಿದರು.

ಒಳಗಿದ್ದವರಿಗೆ ಬೆನ್ನ ಮೇಲೆ ಬಿಸಿ ಕಾಫಿ ಸುರಿದ ಹಾಗೆ ಆಯಿತು. ಏಳೋಕೆ ಹೋದರು. ಅಷ್ಟರಲ್ಲಿ ಇನ್ನೊಂದು ಹೊಡೆತ, ತೋಳಿಗೆ. ಕೊನೆಗೆ ಎದ್ದು ಬಂದು ಬಾಗಿಲು ಬಡಿದರು. ಯಾಕೆಂದರೆ ಆ ದಿನ ಕ್ಯಾಮೆರಾ ಪರದೆಯ ಪ್ಲಗ್ ಹಾಕಿರಲಿಲ್ಲ. ಮೈಕೂ ಕೆಟ್ಟಿತ್ತು. 180 ರಾಡ್ (ಡೋಸ್‌ನ ಹಳೆಯ ಅಳತೆ) ಕೊಡಬೇಕಾದ ಕಡೆ ಹದಿನಾರು ಸಾವಿರಕ್ಕೂ ಜಾಸ್ತಿ ಹೋಗಿತ್ತು ಅಂತ ಆಮೇಲೆ ಅಂದಾಜು ಮಾಡಿದರು. ಕಂಪನಿಯವರು ಬಂದು ನೋಡಿ, ಹೆಚ್ಚು ಡೋಸ್ ಹೋಗೋಕೆ ಸಾಧ್ಯವೇ ಇಲ್ಲ, ಕರೆಂಟ್ ಶಾಕ್ ಇರಬೇಕು ಅಂದರು. ಮೆಷಿನ್ ಮತ್ತೆ ಶುರುವಾಯಿತು. ನಾಲ್ಕೇ ದಿನಕ್ಕೆ, ಏಪ್ರಿಲ್ 11ರಂದು, ಇನ್ನೊಬ್ಬರಿಗೆ ಮುಖದ ಮೇಲೆ ಅದೇ ಆಯಿತು. ಈ ಸಲ ಮೈಕ್ ಸರಿಯಿತ್ತು. ನರಳಿದ್ದು ಹೊರಗೆ ಕೇಳಿಸಿತು. ಅಲ್ಲಿನ ಫಿಸಿಸಿಸ್ಟ್, ಅಂದರೆ ಡೋಸ್ ಲೆಕ್ಕ, ಮೆಷಿನ್ ಪರೀಕ್ಷೆ ನೋಡಿಕೊಳ್ಳುವವರು, ಮೆಷಿನ್ ನಿಲ್ಲಿಸಿ, ಅದೇ ಆಪರೇಟರ್ ಜೊತೆ ಕೂತು, ಎಷ್ಟು ಬೇಗ ಟೈಪ್ ಮಾಡಿದರೆ ಆ 54 ಬರುತ್ತದೆ ಅಂತ ಕಂಡುಹಿಡಿದರು. ಆ ಇಬ್ಬರು ರೋಗಿಗಳೂ ಉಳಿಯಲಿಲ್ಲ.

ಇದಕ್ಕೂ ಒಂಬತ್ತು ತಿಂಗಳು ಮುಂಚೆ, 1985ರ ಜೂನ್‌ನಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಮ್ಯಾರಿಯೆಟ್ಟಾದಲ್ಲಿ, ಇದೇ ಮಾದರಿಯ ಮೆಷಿನ್‌ನಲ್ಲಿ, ಸ್ತನ ಕ್ಯಾನ್ಸರ್‌ಗೆ ಬಂದ ಹೆಂಗಸು ‘ನೀವು ನನ್ನ ಸುಟ್ಟುಬಿಟ್ಟಿರಿ’ ಅಂದಿದ್ದರು. ಹಾಗಾಗೋಕೆ ಸಾಧ್ಯವೇ ಇಲ್ಲ ಅಂತ ಉತ್ತರ ಬಂತು. ಅವತ್ತು ಆ ಒಂದು ಮಾತು ಕೇಳಿದ್ದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಬೇರೆ ದೇಶದ ಕಥೆ ಹೇಳಿ ಕೈ ತೊಳೆದುಕೊಂಡರೆ ಸರಿಯಲ್ಲ. ನಂದೂ ಒಂದಿದೆ. ಕೆಲಸಕ್ಕೆ ಸೇರಿದ ಹೊಸತು, ಬೇರೆ ಆಸ್ಪತ್ರೆ. ಅಲ್ಲಿ ಹಳೆಯ ಕೋಬಾಲ್ಟ್ ಮೆಷಿನ್ ಇತ್ತು. ಅದರ ತಲೆಗೆ ವೆಡ್ಜ್ ಅನ್ನೋ ಲೋಹದ ತುಂಡನ್ನು ಕೈಯಲ್ಲೇ ತಳ್ಳಿ ಕೂರಿಸಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಬೆಣೆ ಥರ. ಕಿರಣವನ್ನು ಸ್ವಲ್ಪ ತಡೆಯೋಕೆ ಅದು. ಕೂತಾಗ ಟಣ್ ಅನ್ನುತ್ತದೆ. ಹಳ್ಳಿ ಕಡೆಯ ಒಬ್ಬ ಅಜ್ಜಿ ದಿನಾ ಬರುತ್ತಿದ್ದರು. ಒಂದು ದಿನ ಮಲಗಿದ್ದವರು ‘ಇವತ್ತು ಟಣ್ ಅನ್ಲಿಲ್ವಲ್ಲಪ್ಪ’ ಅಂದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ‘ಸುಮ್ನೆ ಮಲಗಿ ಅಜ್ಜಿ, ಅಲ್ಲಾಡ್ಬೇಡಿ’ ಅಂದು ಹೊರಗೆ ಹೋಗಿ ಬಟನ್ ಒತ್ತಿದೆ.

ಮುಂದಿನ ರೋಗಿಯನ್ನು ಕರೆಯೋಕೆ ಹೋದಾಗ ವೆಡ್ಜ್ ಗೋಡೆಯ ಸ್ಟ್ಯಾಂಡಿನಲ್ಲೇ ಇತ್ತು.

ಫಿಸಿಸಿಸ್ಟ್ ಹತ್ತಿರ ಓಡಿದೆ. ವೆಡ್ಜ್ ಇಲ್ಲದ್ದಕ್ಕೆ ಆ ಒಂದು ಫೀಲ್ಡ್‌ಗೆ, ಅಂದರೆ ಆ ಒಂದು ಕಡೆಯಿಂದ ಕಿರಣ ಬೀಳುವ ಜಾಗಕ್ಕೆ, ಡೋಸ್ ಜಾಸ್ತಿ ಹೋಗಿತ್ತು. ಅವರು ಲೆಕ್ಕ ಹಾಕಿ, ಮುಂದಿನ ದಿನಗಳಲ್ಲಿ ಕಡಿಮೆ ಮಾಡಿ ಸರಿದೂಗಿಸಿದರು. ಅಜ್ಜಿಗೆ ತೊಂದರೆ ಆಗಲಿಲ್ಲ. ಕಾರ್ಡಿನಲ್ಲಿ ಬರೆದಿಟ್ಟೆವು. ಆದರೆ ಅಜ್ಜಿಗೆ ಯಾರೂ ಹೇಳಲಿಲ್ಲ. ‘ಸುಮ್ನೆ ಯಾಕೆ ಹೆದರಿಸ್ತೀಯಾ’ ಅಂದರು ಸೀನಿಯರ್. ನಾನೂ ಬಾಯಿ ಮುಚ್ಚಿಕೊಂಡೆ. ಮಾರನೇ ದಿನ ವೆಡ್ಜ್ ಟಣ್ ಅಂದಾಗ ಅಜ್ಜಿ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು ಅಂತಲೇ ನನ್ನ ಅನಿಸಿಕೆ.

ಅದಕ್ಕೇ ‘ಏನಿಲ್ಲ’ ಅನ್ನೋ ಉತ್ತರ ಕೇಳಿದರೆ ನನಗೆ ಕಸಿವಿಸಿ.

ಈಗ ನಿಮ್ಮ ವಿಷಯ. ನಡುವಲ್ಲಿ ಆಸ್ಪತ್ರೆ ಬದಲಾಯಿಸೋಕೆ ಆತುರ ಬೇಡ. ಹೊಸ ಕಡೆ ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್ ಅಂತ ದಿನಗಳು ಹೋಗುತ್ತವೆ. ರೇಡಿಯೇಷನ್ ನಡುವೆ ಅಷ್ಟು ಗ್ಯಾಪ್ ಒಳ್ಳೆಯದಲ್ಲ. ಬದಲಿಗೆ ನಾಳೆ ಅರ್ಧ ಗಂಟೆ ಮುಂಚೆ ಹೋಗಿ ‘ಫಿಸಿಸಿಸ್ಟ್ ಹತ್ತಿರ ಮಾತಾಡಬೇಕು’ ಅನ್ನಿ. ಡಾಕ್ಟರ್ ಅಲ್ಲ, ಫಿಸಿಸಿಸ್ಟ್. ಸುಮಾರು ಜನಕ್ಕೆ ಅಂಥವರೊಬ್ಬರು ಇದ್ದಾರೆ ಅಂತಲೇ ಗೊತ್ತಿರಲ್ಲ. ನಮ್ಮ ದೇಶದಲ್ಲಿ ಈ ಮೆಷಿನ್ ನಡೆಸೋಕೆ ಮುಂಬೈಯ ಎಇಆರ್‌ಬಿ, ಅಂದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು. ಆಸ್ಪತ್ರೆಯಲ್ಲಿ ರೇಡಿಯೇಷನ್ ಸೇಫ್ಟಿ ಆಫೀಸರ್ ಇರಲೇಬೇಕು. ಸಾಮಾನ್ಯವಾಗಿ ಆ ಫಿಸಿಸಿಸ್ಟೇ ಆಗಿರುತ್ತಾರೆ.

ಆ ಎರಡು ದಿನ ಯಾವ ಎರರ್ ಬಂತು, ಎಷ್ಟಕ್ಕೆ ನಿಂತಿತು, ಉಳಿದದ್ದು ಯಾವಾಗ ಕೊಟ್ಟಿರಿ ಅಂತ ಕೇಳಿ. ಎರಡು ನಿಮಿಷದ ಉತ್ತರ, ದಾಖಲೆಯಲ್ಲಿ ಇರುತ್ತದೆ. ಬೆಳಿಗ್ಗೆಯ ಚೆಕ್ ಬಗ್ಗೆಯೂ ಕೇಳಿ. ಮೊದಲ ರೋಗಿ ಬರುವ ಮುಂಚೆ ನಾವು ಪ್ಲಾಸ್ಟಿಕ್ ಹಲಗೆ ಜೋಡಿಸಿ, ಮೀಟರ್ ಇಟ್ಟು ಬೀಮ್ ಬಿಡುತ್ತೇವೆ. ಅಳತೆ ಶೇ. 3ಕ್ಕಿಂತ ಜಾಸ್ತಿ ಆಚೀಚೆ ಆದರೆ ಫಿಸಿಸಿಸ್ಟ್ ನೋಡುವ ತನಕ ಯಾರನ್ನೂ ಒಳಗೆ ಕರೆಯಲ್ಲ. ಬೀಮ್ ಇರುವಾಗಲೇ ಬಾಗಿಲು ತೆರೆದು, ನಿಲ್ಲುತ್ತದಾ ಅಂತಲೂ ನೋಡುತ್ತೇವೆ. ಇದನ್ನೆಲ್ಲ ಕೇಳಿದರೆ ಬೇಜಾರಾಗ್ತಾರೆ ಅಂತ ಸಂಕೋಚ ಬೇಡ. ಸರಿಯಾಗಿ ಕೆಲಸ ಮಾಡುವ ಫಿಸಿಸಿಸ್ಟ್‌ಗೆ ಯಾರಾದರೂ ಕೇಳಿದರೆ ಖುಷಿ. ಪಾಪ, ಅವರನ್ನು ಯಾರೂ ಮಾತಾಡಿಸಲ್ಲ.

ಅಮ್ಮನನ್ನೂ ಕರೆದುಕೊಂಡು ಹೋಗಿ, ಹೊರಗಿನ ಕ್ಯಾಮೆರಾ ಪರದೆ ತೋರಿಸಿ ಅನ್ನಿ. ಟೇಬಲ್ ಮೇಲೆ ಮಲಗಿದವರು ಅದರಲ್ಲಿ ಹೇಗೆ ಕಾಣುತ್ತಾರೆ ಅಂತ ಅವರು ಒಮ್ಮೆ ನೋಡಲಿ. ಜನ ಇದನ್ನು ‘ಕರೆಂಟ್ ಕೊಡೋದು’ ಅಂದರೂ ಬೀಮ್ ಬರುವಾಗ ಶಾಕ್ ಹೊಡೆಯಲ್ಲ, ಬಿಸಿ ಆಗಲ್ಲ. ಹಾಗೇನಾದರೂ ಅನಿಸಿದರೆ, ಅಥವಾ ದಿನಾ ಕೇಳುವ ಸದ್ದು ಕೇಳಿಸದಿದ್ದರೂ, ಕೂಗಿ ಹೇಳಲಿ. ಮೈಕ್ ಇದೆ. ಕೈ ಎತ್ತಿದರೂ ಸಾಕು. ಬೀಮ್ ಆ ಕ್ಷಣವೇ ನಿಲ್ಲಿಸುತ್ತೇವೆ. ಒಳಗೆ ಬರೋಕೆ ಮಾತ್ರ ಸ್ವಲ್ಪ ಹೊತ್ತು ಬೇಕು, ಬಾಗಿಲು ತುಂಬಾ ಭಾರ.