ಆಫ್ರಿಕಾದ ದಕ್ಷಿಣ ಭಾಗಕ್ಕೆ ತರಬೇತಿಗೆ ಹೊರಟ ನರ್ಸಿಂಗ್ ವಿದ್ಯಾರ್ಥಿನಿ ಯಾವ ಕಾಯಿಲೆಗಳ ಬಗ್ಗೆ ಎಚ್ಚರವಾಗಿರಬೇಕು?

ಎಲ್ಲಕ್ಕಿಂತ ಮೊದಲು ಮಲೇರಿಯಾ. ಜಾಂಬಿಯಾ, ಮಲಾವಿ, ಮೊಜಾಂಬಿಕ್ ದೇಶಗಳಲ್ಲಿ ಅದು ವ್ಯಾಪಕವಾಗಿದೆ. ದಕ್ಷಿಣ ಆಫ್ರಿಕಾ ದೇಶದಲ್ಲಿ ಮಾತ್ರ ಲಿಂಪೊಪೊದಂತಹ ಈಶಾನ್ಯದ ಕೆಲವು ಪ್ರದೇಶಗಳಿಗೆ ಸೀಮಿತವಾಗಿರುವುದರಿಂದ, ದೇಶದ ಹೆಸರಿನ ಜೊತೆಗೆ ನೀವು ತಂಗುವ ಊರನ್ನೂ ವೈದ್ಯರಿಗೆ ತಿಳಿಸಬೇಕು.

ಮಲೇರಿಯಾ ತಡೆಯುವ ಮಾತ್ರೆಯನ್ನು ಮರಳಿ ಬಂದ ಮೇಲೂ ಏಕೆ ನುಂಗಬೇಕೆಂಬ ಗೊಂದಲ ಸಹಜವೇ. ಸೊಳ್ಳೆ ಕಚ್ಚಿದಾಗ ದೇಹ ಸೇರುವ ರೋಗಾಣು ಕೂಡಲೇ ರಕ್ತದಲ್ಲಿ ಬೆಳೆಯುವುದಿಲ್ಲ. ಅದು ಮೊದಲು ಯಕೃತ್ತಿನಲ್ಲಿ ಅಡಗಿ, ಅಲ್ಲಿ ಸಾವಿರಾರು ಪಟ್ಟು ಹೆಚ್ಚಿ, ಒಂದು ವಾರ ಅಥವಾ ಇನ್ನೂ ತಡವಾಗಿ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಮುಖ್ಯವಾಗಿ ರಕ್ತಕ್ಕೆ ಇಳಿದ ರೋಗಾಣುವಿನ ಮೇಲೆ ಕೆಲಸ ಮಾಡುವುದರಿಂದ, ಕೊನೆಯ ದಿನ ಕಚ್ಚಿದ ಸೊಳ್ಳೆಯನ್ನೂ ಲೆಕ್ಕಕ್ಕೆ ಹಿಡಿದು, ಅದನ್ನು ಅಲ್ಲಿಂದ ಹೊರಟ ಬಳಿಕ 4 ವಾರ ಮುಂದುವರಿಸುತ್ತಾರೆ. ಯಕೃತ್ತಿನ ಹಂತದಲ್ಲೇ ತಡೆಯುವ ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆಯಾದರೆ 7 ದಿನ ಸಾಕು. ಮಾತ್ರೆಯಿದ್ದರೂ ಸಂಜೆಯಿಂದ ಬೆಳಗಿನವರೆಗೆ ಸೊಳ್ಳೆಪರದೆ ಬೇಕೇ ಬೇಕು. ಮರಳಿದ ಕೆಲವು ತಿಂಗಳೊಳಗೆ ಜ್ವರ ಬಂದರೆ ಪ್ರವಾಸದ ವಿಷಯ ಹೇಳಿ ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಮಲಾವಿ ಸರೋವರದಂತಹ ಸಿಹಿನೀರಿನಲ್ಲಿ ಈಜುವುದು ಬೇಡ. ಬಸವನಹುಳುಗಳಿಂದ ಹೊರಬರುವ ಶಿಸ್ಟೊಸೋಮಾ ಎಂಬ ಪರೋಪಜೀವಿಯ ಮರಿಗಳು ಗಾಯವಿಲ್ಲದ ಚರ್ಮವನ್ನೂ ಭೇದಿಸಿ ಒಳಹೋಗುತ್ತವೆ.

ಇನ್ನು ವಾರ್ಡಿನೊಳಗಿನ ಅಪಾಯಗಳು ಉಷ್ಣವಲಯಕ್ಕೆ ಮಾತ್ರ ಸೇರಿದವಲ್ಲ, ಆದರೂ ನಿಮಗೆ ಅವು ಅಷ್ಟೇ ಮುಖ್ಯ. ಕ್ಷಯರೋಗಿಗಳ ಬಳಿ ಎನ್‌-95 ಮಾಸ್ಕ್ ಧರಿಸಿ. ಹೆಪಟೈಟಿಸ್ ಬಿ ಲಸಿಕೆಯನ್ನು ಹೊರಡುವ ಮೊದಲೇ ಪೂರ್ಣಗೊಳಿಸಿ. ಬಳಸಿದ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ, ತಡವೆಂದರೂ 72 ಗಂಟೆಯೊಳಗೆ ಆರಂಭಿಸಬೇಕು.